ವಿಜ್ಞಾನಿಗಳ ಮಾತನ್ನು ಧ್ವನಿಮುದ್ರಿಸಿ ಉಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಿವೃತ್ತ ವಿಜ್ಞಾನಿಗಳನ್ನು ಮತ್ತು ಅವರೊಡನೆ ದುಡಿದವರನ್ನು ಮಾತನಾಡಿಸಿ ದಾಖಲಿಸಿಕೊಳ್ಳಬೇಕೆಂದು ಹೊರಟ ಅಧ್ಯಾಪಕರು, ವಿದ್ಯಾರ್ಥಿಗಳು, ಪತ್ರಕರ್ತರು ಹಾಗೂ ವಿಜ್ಞಾನಿಗಳ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳ ಉದ್ದ ಒಂದೇ ಸಮನಾಗಿಲ್ಲ. ಎರಡು ಮಾತಿನಲ್ಲಿ ಮುಗಿಯುವ ಪ್ರಶ್ನೆಗಳೂ ಇವೆ, ಎಷ್ಟು ಹೇಳಿದರೂ ಮುಗಿಯದವೂ ಇವೆ.

ಸಂಶೋಧನಾ ಪ್ರಬಂಧಗಳು ಅಚ್ಚಾಗಿಯೇ ಇರುವಾಗ ವಿಜ್ಞಾನಿಯನ್ನು ಮತ್ತೆ ಮಾತನಾಡಿಸುವುದು ಏಕೆ?

ಪ್ರಬಂಧದಲ್ಲಿ ಸಿಗುವುದು ಫಲಿತಾಂಶ. ಅಲ್ಲಿಗೆ ನಡೆದುಬಂದ ದಾರಿಯನ್ನು ಪ್ರಬಂಧ ಅಳಿಸಿಹಾಕಿರುತ್ತದೆ. ಮೂರು ಬಾರಿ ಕೈಕೊಟ್ಟ ಪ್ರಯೋಗ, ಸಮಯಕ್ಕೆ ಬಾರದ ಉಪಕರಣ, ಮಾರ್ಗದರ್ಶಕರೊಡನೆ ಬಿದ್ದ ಮನಸ್ತಾಪ, ಯಾರದೋ ಒಂದು ಮಾತಿನಿಂದ ಹೊಳೆದ ಉಪಾಯ ಇವುಗಳಿಗೆ ಅಲ್ಲಿ ಜಾಗವಿಲ್ಲ.

ಬೆಂಗಳೂರಿನದೇ ಒಂದು ಉದಾಹರಣೆಯನ್ನು ನೋಡಬಹುದು. ಅನ್ನಾ ಮಣಿ ಅವರು 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೊರಸೂಸುವ ಬಗೆಯನ್ನು ಅಭ್ಯಾಸ ಮಾಡಿದರು. ಅವರ ಹೆಸರಿನಲ್ಲಿ ಪ್ರಕಟವಾದ ಪ್ರಬಂಧಗಳನ್ನು ಇಂದಿಗೂ ಓದಬಹುದು. ಆದರೆ ವರ್ಣಪಟಲವನ್ನು ಸೆರೆಹಿಡಿಯಲು ಫೋಟೊ ಫಲಕವನ್ನು ಕೆಲವೊಮ್ಮೆ 15ರಿಂದ 20 ಗಂಟೆ ಒಡ್ಡಬೇಕಾಗಿತ್ತು, ಅದಕ್ಕಾಗಿ ಅವರು ರಾತ್ರಿ ಪ್ರಯೋಗಾಲಯದಲ್ಲೇ ಉಳಿಯುತ್ತಿದ್ದರು ಎಂಬುದಾಗಲಿ, 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣ ಕೊಟ್ಟು ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಲಿಲ್ಲ ಎಂಬುದಾಗಲಿ ಆ ಪ್ರಬಂಧಗಳಲ್ಲಿಲ್ಲ. ವಿಜ್ಞಾನದ ಇತಿಹಾಸವನ್ನು ಬರೆಯುವ ಆಭಾ ಸುರ್ ಅವರು ಅನ್ನಾ ಮಣಿಯವರ ಇಳಿವಯಸ್ಸಿನಲ್ಲಿ ಅವರನ್ನು ಕಂಡು ಮಾತನಾಡಿಸಿದ್ದರಿಂದ ಈ ಚಿತ್ರ ನಮಗೆ ಇಷ್ಟು ಸ್ಪಷ್ಟವಾಗಿ ದೊರೆತಿದೆ. ಮಣಿಯವರು 2001ರಲ್ಲಿ ತೀರಿಕೊಂಡರು. ಆ ಭೇಟಿ ನಡೆಯದೇ ಹೋಗಿದ್ದರೆ ರಾಮನ್ ಪ್ರಯೋಗಾಲಯದಲ್ಲಿ ಹೆಣ್ಣುಮಕ್ಕಳ ಬದುಕು ಹೇಗಿತ್ತು ಎಂಬುದಕ್ಕೆ ಸಿಗುವ ಸಾಕ್ಷ್ಯ ತೀರಾ ಬಡವಾಗಿರುತ್ತಿತ್ತು.

ಈ ಕೆಲಸ ಮೊದಲು ಎಲ್ಲಿ ನಡೆಯಿತು?

ಬಿಡಿಬಿಡಿಯಾಗಿ ಹಿಂದೆಯೂ ನಡೆದಿತ್ತು. ವಿಜ್ಞಾನದ ಒಂದು ಇಡೀ ಅಧ್ಯಾಯವನ್ನು ಗುರಿಯಾಗಿಟ್ಟುಕೊಂಡು ವ್ಯವಸ್ಥಿತವಾಗಿ ನಡೆಸಿದ ಮೊದಲ ದೊಡ್ಡ ಪ್ರಯತ್ನವೆಂದರೆ 1961ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ವಾಂಟಮ್ ಭೌತವಿಜ್ಞಾನದ ಇತಿಹಾಸ ಸಂಗ್ರಹ ಯೋಜನೆ. ಅದರ ನೇತೃತ್ವ ವಹಿಸಿದವರು ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್. ಯೋಜನೆ ಹೊರಡುವ ಹೊತ್ತಿಗೆ ಐನ್‌ಸ್ಟೈನ್ 1955ರಲ್ಲಿ, ಪೌಲಿ 1958ರಲ್ಲಿ, ಶ್ರೋಡಿಂಗರ್ 1961ರ ಜನವರಿಯಲ್ಲಿ ತೀರಿಕೊಂಡಾಗಿತ್ತು. ಉಳಿದವರನ್ನಾದರೂ ಹಿಡಿಯಬೇಕೆಂಬ ಅವಸರದಲ್ಲಿ ಕೂನ್ ಮತ್ತು ಸಂಗಡಿಗರು ಯುರೋಪಿಗೆ ಹೋದರು. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರೊಡನೆ 1962ರ ಅಕ್ಟೋಬರ್ 31ರಿಂದ ಐದು ಬೈಠಕ್ಕುಗಳು ನಡೆದವು. ಐದನೆಯದು ನವೆಂಬರ್ 17ರಂದು. ಮರುದಿನ ಬೋರ್ ನಿಧನರಾದರು. ಮುಂದಿನ ಬೈಠಕ್ಕಿಗೆಂದು ಎತ್ತಿಟ್ಟಿದ್ದ ಪ್ರಶ್ನೆಗಳು ಹಾಗೆಯೇ ಉಳಿದುವು.

ಆ ಯೋಜನೆ ಮಾತನ್ನಷ್ಟೇ ಸಂಗ್ರಹಿಸಲಿಲ್ಲ. ಪತ್ರಗಳು, ಹಸ್ತಪ್ರತಿಗಳು ಮತ್ತು ಟಿಪ್ಪಣಿ ಪುಸ್ತಕಗಳನ್ನು ಮೈಕ್ರೊಫಿಲ್ಮ್ ಮಾಡಿ, ಅಂದರೆ ಪುಟ್ಟ ಫಿಲ್ಮಿನ ಮೇಲೆ ಚಿತ್ರ ತೆಗೆದು, ಫಿಲಡೆಲ್ಫಿಯಾ, ಬರ್ಕ್ಲಿ ಮತ್ತು ಕೋಪನ್‌ಹೇಗನ್‌ಗಳಲ್ಲಿ ಒಂದೊಂದು ಪ್ರತಿ ಇಟ್ಟರು. ಮಾತು ಮತ್ತು ಕಾಗದ ಎರಡನ್ನೂ ಜೊತೆಯಲ್ಲಿ ಸಂಗ್ರಹಿಸುವ ಈ ಪದ್ಧತಿಯೇ ನನಗೆ ಆ ಯೋಜನೆಯ ದೊಡ್ಡ ಪಾಠವೆನಿಸುತ್ತದೆ.

ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ಅದೇ ದಶಕದಲ್ಲಿ ಆರಂಭಿಸಿದ ಕೆಲಸ ಇಂದಿಗೂ ನಿಂತಿಲ್ಲ. ಅಲ್ಲಿ ಸಾವಿರಕ್ಕೂ ಹೆಚ್ಚು ಸಂದರ್ಶನಗಳಿವೆ, ಬಹುಪಾಲು ಅಕ್ಷರರೂಪದಲ್ಲಿ ಎಲ್ಲರಿಗೂ ತೆರೆದಿವೆ. ಭಾರತದ ಓದುಗರು ಮೊದಲು ಓದಬೇಕಾದದ್ದು ಖಭೌತವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಇತಿಹಾಸಕಾರ ಸ್ಪೆನ್ಸರ್ ವಿಯರ್ಟ್ 1977ರಲ್ಲಿ ಮಾಡಿದ ಸಂದರ್ಶನ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಹಿರಿಯ ಖಗೋಳವಿಜ್ಞಾನಿ ಎಡಿಂಗ್ಟನ್ ಅವರು ಚಂದ್ರಶೇಖರ್ ಅವರ ಸಿದ್ಧಾಂತವನ್ನು ತಳ್ಳಿಹಾಕಿದ ಪ್ರಸಂಗವನ್ನು ಚಂದ್ರಶೇಖರ್ ಅದರಲ್ಲಿ ನೆನೆದಿದ್ದಾರೆ. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. ಗೆದ್ದವರು ಹಿಂತಿರುಗಿ ನೋಡಿ ಹೇಳುವ ಮಾತಿಗೂ, ಗೆಲುವು ಇನ್ನೂ ಅಧಿಕೃತವಾಗದ ಕಾಲದಲ್ಲಿ ಆಡಿದ ಮಾತಿಗೂ ಧಾಟಿಯಲ್ಲಿ ವ್ಯತ್ಯಾಸವಿರುತ್ತದೆ. ಆದ್ದರಿಂದಲೇ ಪ್ರಶಸ್ತಿ ಬಂದ ಮೇಲೆ ಮೈಕ್ ಹಿಡಿದು ಓಡುವುದಕ್ಕಿಂತ ಆರು ವರ್ಷ ಮೊದಲೇ ಹೋದ ವಿಯರ್ಟ್ ಅವರ ನಡೆ ಮೆಚ್ಚುವಂಥದು.

ನಮ್ಮಲ್ಲಿ ಯಾರು ಮಾಡುತ್ತಿದ್ದಾರೆ?

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪತ್ರಾಗಾರದಲ್ಲಿ ಸಂಸ್ಥೆಯ ಹಿರಿಯರ ಧ್ವನಿಮುದ್ರಿತ ಸಂದರ್ಶನಗಳಿವೆ. ಆ ಪತ್ರಾಗಾರವನ್ನು ಕಟ್ಟಿದ ಇಂದಿರಾ ಚೌಧುರಿ ಅವರು ಮುಂದೆ ಬೆಂಗಳೂರಿನಲ್ಲಿ ಮೌಖಿಕ ಇತಿಹಾಸದ, ಅಂದರೆ ಹೀಗೆ ಜನರ ನೆನಪನ್ನು ಮಾತಿನಲ್ಲಿ ದಾಖಲಿಸುವ ಕೆಲಸದ, ತರಬೇತಿಗೂ ನೆಲೆ ಒದಗಿಸಿದರು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, 2019ರಲ್ಲಿ ತೆರೆದ ಪತ್ರಾಗಾರ ಸಮಕಾಲೀನ ಜೀವವಿಜ್ಞಾನದ ಕಾಗದಪತ್ರಗಳನ್ನೂ ದನಿಗಳನ್ನೂ ಸಂಗ್ರಹಿಸುತ್ತದೆ, ಸಾರ್ವಜನಿಕರಿಗೂ ಪ್ರವೇಶ ಕೊಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಗೂ ತನ್ನದೇ ಪತ್ರಾಗಾರವಿದೆ. ಇವೆಲ್ಲ ದೊಡ್ಡ ಸಂಸ್ಥೆಗಳ ಮಾತು. ಕೃಷಿ ಸಂಶೋಧನಾ ಕೇಂದ್ರಗಳು, ಜಿಲ್ಲೆಗಳ ಹಳೆಯ ವಿಜ್ಞಾನ ಕಾಲೇಜುಗಳು, ಮುಚ್ಚಿಹೋದ ಸರ್ಕಾರಿ ಕಾರ್ಖಾನೆಗಳ ಪ್ರಯೋಗಾಲಯಗಳು ಇವುಗಳ ಪಾಲಿಗೆ ಅಂಥ ಆಸರೆ ಕಡಿಮೆ. ಬಿಡಿ ವ್ಯಕ್ತಿಗಳು ಮಾಡಬಹುದಾದ ಕೆಲಸ ಅಲ್ಲಿಯೇ ಹೆಚ್ಚಾಗಿದೆ.

ಎಪ್ಪತ್ತು ಎಂಬತ್ತು ದಾಟಿದವರ ನೆನಪನ್ನು ನಂಬಬಹುದೇ?

ತಾರೀಕುಗಳಿಗಾಗಿ ನಂಬಬಾರದು. ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂಬ ಅನುಕ್ರಮಕ್ಕೂ ಪೂರ್ತಿಯಾಗಿ ನಂಬಬಾರದು. ಐನ್‌ಸ್ಟೈನ್ ಅವರಂಥವರಲ್ಲೂ ಈ ತೊಡಕು ಇತ್ತು. ಸಾಪೇಕ್ಷತಾ ಸಿದ್ಧಾಂತವನ್ನು ರೂಪಿಸುವ ಮುನ್ನ, ಭೂಮಿಯ ಚಲನೆಯಿಂದ ಬೆಳಕಿನ ವೇಗ ಬದಲಾಗುತ್ತದೆಯೇ ಎಂದು ಪರೀಕ್ಷಿಸಿದ ಮೈಕೆಲ್ಸನ್ ಮತ್ತು ಮೋರ್ಲಿ ಅವರ ಪ್ರಯೋಗ ಅವರಿಗೆ ತಿಳಿದಿತ್ತೇ ಎಂಬುದು ಇತಿಹಾಸಕಾರರ ಹಳೆಯ ಪ್ರಶ್ನೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಶ್ಯಾಂಕ್‌ಲ್ಯಾಂಡ್ 1950ರಿಂದ 1954ರ ನಡುವೆ ಹಲವು ಬಾರಿ ಪ್ರಿನ್ಸ್‌ಟನ್ನಿಗೆ ಹೋಗಿ ಇದನ್ನೇ ಕೇಳಿದರು. ಶ್ಯಾಂಕ್‌ಲ್ಯಾಂಡ್ ಬರೆದಿಟ್ಟಂತೆ, 1950ರಲ್ಲಿ ಐನ್‌ಸ್ಟೈನ್ ಆ ಪ್ರಯೋಗ ತಮ್ಮ ಗಮನಕ್ಕೆ ಬಂದದ್ದು 1905ರ ನಂತರವೇ ಎಂದರು. 1952ರಲ್ಲಿ ಅದು ತಮ್ಮ ಮೇಲೆ ನೇರ ಪ್ರಭಾವ ಬೀರಿದ ಅರಿವಿಲ್ಲ, ಅದರ ಫಲಿತಾಂಶ ನಿಜವೆಂದು ಸುಮ್ಮನೆ ಒಪ್ಪಿಕೊಂಡಿದ್ದೆನೇನೋ ಎಂಬ ಅರ್ಥದ ಮಾತನಾಡಿದರು. ಬಹಳ ಕಾಲದ ಮೇಲೆ ಬೆಳಕಿಗೆ ಬಂದ 1899ರ ಅವರದೇ ಪತ್ರದಲ್ಲಿ ಅವರು ವಿಲ್ಹೆಲ್ಮ್ ವೀನ್ ಅವರ ಪ್ರಬಂಧವೊಂದನ್ನು ಓದಿದ ಉಲ್ಲೇಖವಿದೆ. ಆ ಪ್ರಬಂಧದಲ್ಲಿ ಮೈಕೆಲ್ಸನ್–ಮೋರ್ಲಿ ಪ್ರಯೋಗದ ಪ್ರಸ್ತಾಪವಿತ್ತು.

ಇದರಿಂದ ಐನ್‌ಸ್ಟೈನ್ ಸುಳ್ಳು ಹೇಳಿದರೆಂದಾಗುವುದಿಲ್ಲ. ಅರ್ಧ ಶತಮಾನದ ಹಿಂದೆ ತಲೆಯಲ್ಲಿ ಏನಿತ್ತು ಎಂದು ಕೇಳಿದರೆ ಯಾರೇ ಆದರೂ ಇಂದಿನ ತಲೆಯಿಂದಲೇ ಉತ್ತರಿಸುತ್ತಾರೆ. ಆದ್ದರಿಂದ ಸಂದರ್ಶನವನ್ನು ಪತ್ರ, ಪ್ರಯೋಗದ ದಿನಚರಿ, ಕಚೇರಿಯ ಕಡತ ಹಾಗೂ ಇನ್ನೊಬ್ಬರ ಸಂದರ್ಶನದ ಪಕ್ಕದಲ್ಲಿಟ್ಟು ಓದಬೇಕು. ಹಾಗೆ ಓದಿದಾಗ ಮಾತಿಗೂ ಕಾಗದಕ್ಕೂ ಹೊಂದದ ಕಡೆ ಹೆಚ್ಚು ಕುತೂಹಲಕರವಾಗುತ್ತದೆ: ಹೇಳುವವರು ಯಾವುದನ್ನು ಮರೆತಿದ್ದಾರೆ, ಯಾವುದನ್ನು ಮುಂದಕ್ಕೆ ತಂದಿದ್ದಾರೆ ಎಂಬುದೇ ಅವರು ತಮ್ಮ ಕೆಲಸವನ್ನು ಅರ್ಥಮಾಡಿಕೊಂಡ ಬಗೆಯನ್ನು ತೋರಿಸುತ್ತದೆ. ತಪ್ಪು ತಾರೀಕು ಹೇಳಿದಾಗ ನಡುವೆ ಬಾಯಿ ಹಾಕಿ ತಿದ್ದುವ ಅಗತ್ಯವಿಲ್ಲ. ಅಕ್ಷರರೂಪದ ಅಡಿಯಲ್ಲಿ ಒಂದು ಟಿಪ್ಪಣಿ ಸಾಕು.

ಹೆಸರಾಂತ ವಿಜ್ಞಾನಿಗಳನ್ನಷ್ಟೇ ಮಾತನಾಡಿಸಬೇಕೇ?

ಬೇಡ. ಹೆಸರಾಂತರು ತಮ್ಮ ಕಥೆಯನ್ನು ಈಗಾಗಲೇ ನೂರು ವೇದಿಕೆಗಳಲ್ಲಿ ಹೇಳಿರುತ್ತಾರೆ. ಅದರ ಪದಗಳು ಕೂಡ ಸವೆದು ನುಣುಪಾಗಿರುತ್ತವೆ.

ಕೋಲಾರದ ಚಿನ್ನದ ಗಣಿಯನ್ನು ತೆಗೆದುಕೊಳ್ಳಿ. ಮೈಸೂರು ಸೀಮೆಯವರಾದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ವಿದ್ಯಾರ್ಥಿಯಾಗಿ ಅಲ್ಲಿ ಇಳಿದು, ನೆಲದಾಳಕ್ಕೆ ತೂರಿಬರುವ ಮ್ಯೂಯಾನ್ ಕಣಗಳನ್ನು ಅಳೆದರು. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾಯುಮಂಡಲದಿಂದ ಹುಟ್ಟಿದ ನ್ಯೂಟ್ರಿನೊಗಳೆಂಬ, ಹಿಡಿಯಲು ಬಲು ಕಷ್ಟವಾದ ಕಣಗಳ ಗುರುತನ್ನು ಪತ್ತೆಹಚ್ಚಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಇದನ್ನೇ ಕಂಡಿತು. ಈ ಕಥೆಯ ವಿಜ್ಞಾನ ಭಾಗ ಪ್ರಬಂಧಗಳಲ್ಲಿದೆ. ಆದರೆ ಉಪಕರಣಗಳನ್ನು ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿಸಿದವರು ಯಾರು, ಬಂಡೆಯೇ ಬಿಸಿಯಾಗಿರುವ ಆ ಆಳದಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳನ್ನು ಕೆಡದಂತೆ ಹೇಗೆ ನೋಡಿಕೊಂಡರು, ಕಲ್ಲು ಸಿಡಿಯುವ ಸೂಚನೆ ಸಿಕ್ಕಾಗ ಯಾರು ಯಾರನ್ನು ಎಚ್ಚರಿಸುತ್ತಿದ್ದರು, ಚಿನ್ನ ಅಗೆಯುವ ಕಾರ್ಮಿಕರು ಕಣ್ಣಿಗೆ ಕಾಣದ ಕಣವನ್ನು ಹುಡುಕುವ ಈ ಜನರ ಬಗ್ಗೆ ತಮ್ಮತಮ್ಮಲ್ಲಿ ಏನೆಂದುಕೊಳ್ಳುತ್ತಿದ್ದರು ಎಂಬುದನ್ನೆಲ್ಲ ತಂತ್ರಜ್ಞರಿಂದಲೂ ತಮಿಳು, ತೆಲುಗು, ಕನ್ನಡ ಮಾತನಾಡುವ ಗಣಿ ಕಾರ್ಮಿಕರಿಂದಲೂ ಕೇಳಬೇಕು. ಗಣಿ 2001ರಲ್ಲಿ ಮುಚ್ಚಿ, ಕೆಳಗಿನ ಸುರಂಗಗಳಲ್ಲಿ ನೀರು ತುಂಬಿತು. ಶ್ರೀಕಂಠನ್ ಅವರು 2019ರಲ್ಲಿ ತೀರಿಕೊಂಡರು. ಹೋಗಿ ನೋಡಲು ಸ್ಥಳವೇ ಇಲ್ಲದಿರುವಾಗ ಮಿಕ್ಕಿರುವುದು ಜನರ ನೆನಪು ಮಾತ್ರ.

ಇಂಡಾಫ್ ರಾಗಿಯ ಕಥೆಯೂ ಹೀಗೆಯೇ. ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ. ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಹೊಸ ತಳಿಗಳನ್ನು ಬೆಳೆಸಿದರು. ಇಂಡಿಯಾ ಮತ್ತು ಆಫ್ರಿಕಾ ಸೇರಿಯೇ ಇಂಡಾಫ್ ಎಂಬ ಹೆಸರಾಯಿತು. ರಾಗಿಯ ಹೂವು ಬಲು ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು. ಆದ್ದರಿಂದ ಅದರಲ್ಲಿ ಬೇರೆ ತಳಿಯನ್ನು ಕೂಡಿಸುವುದು ತುಂಬ ನಾಜೂಕಿನ ಕೆಲಸ. ಇಂಥ ಕೆಲಸದಲ್ಲಿ ದಿನವಿಡೀ ಹೊಲದಲ್ಲಿ ನಿಂತ ಆಳುಗಳು, ಹೊಸ ಬೀಜವನ್ನು ಮೊದಲು ನಂಬಿ ಬಿತ್ತಿದ ರೈತರು ಸಹ ಆ ಸಂಶೋಧನೆಯ ಸಾಕ್ಷಿಗಳೇ.

ಸಂದರ್ಶನಕ್ಕೆ ಹೋಗುವ ಮುನ್ನ ಎಷ್ಟು ಓದಿಕೊಂಡಿರಬೇಕು?

ನೀವು ಊಹಿಸಿದ್ದಕ್ಕಿಂತ ಹೆಚ್ಚು. ಒಂದು ಗಂಟೆಯ ಮಾತಿಗೆ ಹತ್ತು ಗಂಟೆಯ ಸಿದ್ಧತೆ ಅತಿಯಲ್ಲ. ಅವರ ಮುಖ್ಯ ಪ್ರಬಂಧಗಳನ್ನು, ಪೂರ್ತಿ ಅರ್ಥವಾಗದಿದ್ದರೂ, ಮೊದಲ ಮತ್ತು ಕೊನೆಯ ಭಾಗಗಳನ್ನಾದರೂ ಓದಿ. ಕೃತಜ್ಞತೆಯ ಸಾಲುಗಳನ್ನಂತೂ ಬಿಡಬೇಡಿ, ಗಾಜು ಊದಿಕೊಟ್ಟವರ, ಲೆಕ್ಕ ಮಾಡಿಕೊಟ್ಟವರ, ಜಗಳವಾಡಿ ರಾಜಿಯಾದವರ ಹೆಸರುಗಳು ಅಡಗಿರುವುದು ಅಲ್ಲಿಯೇ. ವರ್ಷವಾರು ಒಂದು ಪಟ್ಟಿ ಮಾಡಿಟ್ಟುಕೊಂಡರೆ ಅವರು ತಡವರಿಸಿದಾಗ ಕೈಗೆ ಒದಗುತ್ತದೆ. ಹಳೆಯ ಫೋಟೊ, ಉಪಕರಣದ ನಕ್ಷೆ, ಪ್ರಬಂಧದ ಮೊದಲ ಪುಟ ಇಂಥದ್ದೇನಾದರೂ ಎದುರಿಗಿಟ್ಟರೆ, ಬರಿಯ ಪ್ರಶ್ನೆಗೆ ಬಾರದ ನೆನಪು ಎಷ್ಟೋ ಸಲ ತಾನಾಗಿ ಎದ್ದು ಬರುತ್ತದೆ.

ಶಿಷ್ಯರು ತಮ್ಮ ಮೇಷ್ಟ್ರನ್ನು ಸಂದರ್ಶಿಸುವಾಗ ವಿಶೇಷ ಎಚ್ಚರ ಬೇಕು. ಅವರಿಗೆ ವಿಷಯ ಚೆನ್ನಾಗಿ ಗೊತ್ತು, ಅದು ಅನುಕೂಲ. ಆದರೆ ಗೌರವದ ಭಾರದಲ್ಲಿ ಕೇಳಬೇಕಾದ್ದನ್ನು ಕೇಳದೆ ಬಿಡುತ್ತಾರೆ, ಸಂದರ್ಶನ ಅಭಿನಂದನ ಗ್ರಂಥದ ಮುನ್ನುಡಿಯಾಗಿಬಿಡುತ್ತದೆ. ಸಾಧ್ಯವಾದರೆ ಹೊರಗಿನವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದು ಒಳ್ಳೆಯದು.

ಎಂಥ ಪ್ರಶ್ನೆಗಳು ಫಲ ಕೊಡುತ್ತವೆ?

ನಿಮ್ಮ ಸಾಧನೆಯ ಗುಟ್ಟೇನು, ಯುವಜನರಿಗೆ ನಿಮ್ಮ ಸಂದೇಶವೇನು ಎಂಬಂಥ ಪ್ರಶ್ನೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಅವು ಸನ್ಮಾನ ಸಮಾರಂಭದ ಉತ್ತರಗಳನ್ನೇ ತರುತ್ತವೆ. ಪ್ರಶ್ನೆ ಸಣ್ಣದಾದಷ್ಟೂ, ವಸ್ತುವಿಗೆ ಅಂಟಿಕೊಂಡಷ್ಟೂ ಉತ್ತರ ಬೆಳೆಯುತ್ತದೆ. ಬೆಳಗ್ಗೆ ಪ್ರಯೋಗಾಲಯದ ಬೀಗ ಯಾರು ತೆಗೆಯುತ್ತಿದ್ದರು? ದ್ರವ ಸಾರಜನಕ ಎಲ್ಲಿಂದ ಬರುತ್ತಿತ್ತು? ಊಟಕ್ಕೆ ಯಾರ ಜೊತೆ ಕೂರುತ್ತಿದ್ದಿರಿ, ಯಾರು ಕೂರುತ್ತಿರಲಿಲ್ಲ? ಫಲಿತಾಂಶ ತಪ್ಪಾಗಿರಬಹುದೆಂದು ಮೊದಲು ಅನುಮಾನಿಸಿದವರು ಯಾರು?

ಆರ್ಯಭಟ ಉಪಗ್ರಹವನ್ನು ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಕಟ್ಟಿದ ಕಥೆ ಈಗ ಎಲ್ಲರಿಗೂ ಬಾಯಿಪಾಠ. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಸಿದ್ಧವಾದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಆ ಶೆಡ್‌ಗಳಲ್ಲಿ ದುಡಿದವರನ್ನು ಇಂದು ಮಾತನಾಡಿಸುವವರು ಮತ್ತೆ ಅದೇ ಕಥೆಯನ್ನು ಕೇಳಿದರೆ ಮತ್ತೆ ಅದೇ ಉತ್ತರ ಸಿಗುತ್ತದೆ. ಬದಲಿಗೆ ಧೂಳನ್ನು ಹೊರಗಿಡಲು ಏನು ಮಾಡಿದಿರಿ, ಬೆಸುಗೆ ಹಾಕುವುದನ್ನು ಯಾರಿಂದ ಕಲಿತಿರಿ, ಕರೆಂಟು ಹೋದಾಗ ನಡೆಯುತ್ತಿದ್ದ ಪರೀಕ್ಷೆಯನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿ. ಕಾಗದಕ್ಕೆ ಬಾರದ ಕೈಕಸುಬಿನ ತಿಳಿವಳಿಕೆ ಹೊರಬರುವುದು ಇಂಥ ಪ್ರಶ್ನೆಗಳಿಂದ.

ಇನ್ನೊಂದು ಮಾತು: ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಹೊಸಬರಿಗೆ ಐದು ಸೆಕೆಂಡಿನ ಮೌನವೂ ಅಸಹನೀಯವಾಗಿ ತೋರಿ ಮುಂದಿನ ಪ್ರಶ್ನೆಗೆ ಹಾರಿಬಿಡುತ್ತಾರೆ. ನನ್ನ ಮೊದಲ ಧ್ವನಿಮುದ್ರಣವನ್ನು ಮತ್ತೆ ಕೇಳಿದಾಗ, ಎದುರಿಗಿದ್ದವರು ಉಸಿರೆಳೆದುಕೊಂಡು ಏನೋ ಹೇಳಲು ಹೊರಟ ಕಡೆಯಲ್ಲೆಲ್ಲ ನನ್ನ ಧ್ವನಿಯೇ ಅಡ್ಡ ಬಂದಿತ್ತು.

ಸಂದರ್ಶನ ಯಾವ ಭಾಷೆಯಲ್ಲಿ ನಡೆಯಬೇಕು?

ಮಾತನಾಡುವವರಿಗೆ ಯಾವುದು ಸಲೀಸೋ ಆ ಭಾಷೆಯಲ್ಲಿ, ಅವರು ಬೆರೆಸಿದಂತೆ ಬೆರೆಸಿಯೇ. ಕನ್ನಡದ ವಿಜ್ಞಾನಿಗಳ ಸಂದರ್ಶನಗಳು ವಿಷಯ ಇಂಗ್ಲಿಷಿನದೆಂಬ ಕಾರಣಕ್ಕೆ ಇಂಗ್ಲಿಷಿನಲ್ಲಿಯೇ ನಡೆದುಬಿಡುವುದು ರೂಢಿ. ಸಮೀಕರಣದ ಮಾತು ಇಂಗ್ಲಿಷಿನಲ್ಲಿ ಬರಲಿ, ತೊಂದರೆಯಿಲ್ಲ. ಆದರೆ ಹಳ್ಳಿಯ ಶಾಲೆಯಿಂದ ಇಂಟರ್‌ಮೀಡಿಯೆಟ್‌ಗೆ ಪೇಟೆಗೆ ಬಂದದ್ದು, ಹಾಸ್ಟೆಲಿನಲ್ಲಿ ಜಾತಿಗೊಂದು ಪಂಕ್ತಿ ಇದ್ದದ್ದು, ಮದುವೆಯಾದ ಮೇಲೂ ಪ್ರಯೋಗಾಲಯಕ್ಕೆ ಹೋಗಲು ಅತ್ತೆಯ ಒಪ್ಪಿಗೆ ಪಡೆದದ್ದು ಇವೆಲ್ಲ ಇಂಗ್ಲಿಷಿಗೆ ಬಂದಾಗ ಎರಡು ವಾಕ್ಯದ ಸಾರಾಂಶವಾಗಿಬಿಡುತ್ತವೆ. ಅದೇ ವ್ಯಕ್ತಿಯನ್ನು ಅವರ ಊರಿನ ಕನ್ನಡದಲ್ಲಿ ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ, ಅದರಲ್ಲಿ ಯಾರು ಯಾರಿಗೆ ನೀನು ಅನ್ನುತ್ತಿದ್ದರು, ಯಾರು ಯಾರಿಗೆ ತಾವು ಅನ್ನುತ್ತಿದ್ದರು ಎಂಬುದೂ ಉಳಿಯುತ್ತದೆ. ಒಂದು ಪ್ರಯೋಗಾಲಯದ ಮೇಲು ಕೀಳುಗಳನ್ನು ತಿಳಿಯಲು ಇದಕ್ಕಿಂತ ನೇರವಾದ ಸಾಕ್ಷ್ಯ ಇನ್ನೊಂದಿಲ್ಲ.

ಸಹಾಯಕರು, ಯಂತ್ರ ನಡೆಸುವವರು, ಹೊಲದ ಕೆಲಸದವರ ವಿಷಯದಲ್ಲಂತೂ ಭಾಷೆಯ ಆಯ್ಕೆಯೇ ಅವರು ಮಾತನಾಡುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಂಡರೆ ಸಾಕೇ?

ಬೇರೇನೂ ಇಲ್ಲದಿದ್ದರೆ ಸಾಕು. ಒಳ್ಳೆಯ ಯಂತ್ರ ಬರಲಿ ಎಂದು ಕಾಯುತ್ತ ಕೂತು ಮನುಷ್ಯರನ್ನೇ ಕಳೆದುಕೊಳ್ಳುವುದಕ್ಕಿಂತ ಫೋನು ಎಷ್ಟೋ ವಾಸಿ. ಅಂಗಿಗೆ ಸಿಕ್ಕಿಸುವ ಒಂದು ಮೈಕ್ ಸೇರಿಸಿಕೊಂಡರೆ ಗುಣಮಟ್ಟ ಬಹಳ ಸುಧಾರಿಸುತ್ತದೆ. ಕರೆಗಳು ಬಾರದಂತೆ ಏರ್‌ಪ್ಲೇನ್ ಮೋಡ್ ಹಾಕಿ.

ಕೈಯಲ್ಲಿ ರೆಕಾರ್ಡರ್ ಇದ್ದರೆ ಎಂಪಿ3 ಬಿಟ್ಟು ಡಬ್ಲ್ಯುಎವಿ ಫೈಲನ್ನು ಆರಿಸಿಕೊಳ್ಳಿ, 48 ಕಿಲೋಹರ್ಟ್ಸ್ ಮತ್ತು 24 ಬಿಟ್‌ನಲ್ಲಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ ಜಾಗ ಹಿಡಿಯುತ್ತದೆ. ಎಂಪಿ3ಯಲ್ಲಿ ಒಮ್ಮೆ ಬಿಟ್ಟುಹೋದ ಧ್ವನಿಯ ಅಂಶ ಮುಂದೆ ಎಂದೂ ಮರಳಿ ಬಾರದು.

ಯಂತ್ರಕ್ಕಿಂತ ಕೋಣೆ ಮುಖ್ಯ. ಫ್ಯಾನು, ಯುಪಿಎಸ್ಸಿನ ಗುಂಯ್‌ಗುಡುವಿಕೆ, ಪಕ್ಕದ ಕೋಣೆಯ ಟಿವಿ, ಅಡುಗೆಮನೆಯ ಕುಕ್ಕರ್ ಇವು ಎದುರು ಕೂತಾಗ ಕಿವಿಗೆ ಬೀಳುವುದೇ ಇಲ್ಲ, ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಬೇರೇನೂ ಕೇಳಿಸುವುದಿಲ್ಲ. ಬೇಸಗೆಯಲ್ಲಿ ಹಿರಿಯರೊಬ್ಬರ ಮನೆಯ ಫ್ಯಾನು ಆರಿಸಲು ಸಂಕೋಚಪಟ್ಟು ಎರಡು ಗಂಟೆಯ ಅಮೂಲ್ಯ ಮಾತನ್ನು ಫ್ಯಾನಿನ ಸದ್ದಿನೊಡನೆ ತಂದವನು ನಾನು. ಬೆಳಗ್ಗೆ ಬೇಗ ಹೋದರೆ ಆ ಸಂಕೋಚವೇ ಬೇಕಾಗುವುದಿಲ್ಲ.

ಮುದ್ರಣ ಶುರುವಾದ ಕೂಡಲೇ ದಿನಾಂಕ, ಸ್ಥಳ, ಇಬ್ಬರ ಹೆಸರು ಇವನ್ನು ನೀವೇ ಬಾಯಿಬಿಟ್ಟು ಹೇಳಿ. ಫೈಲಿನ ಹೆಸರು ಬದಲಾದರೂ ಗುರುತು ಒಳಗೇ ಉಳಿಯುತ್ತದೆ.

ವಿಡಿಯೊ ಬೇಡವೇ?

ಉಪಕರಣ ತೋರಿಸುವಾಗ, ಕಪ್ಪು ಹಲಗೆಯ ಮೇಲೆ ಬರೆಯುವಾಗ ಖಂಡಿತ ಬೇಕು. ಉಳಿದಂತೆ ಕ್ಯಾಮೆರಾ ಕಂಡರೆ ಹಲವರು ಸೆಟೆದು ಕೂತು ಭಾಷಣಕ್ಕೆ ತೊಡಗುತ್ತಾರೆ. ನನ್ನ ಒಲವು ದೀರ್ಘ ಮಾತಿಗೆ ಧ್ವನಿ, ಕೊನೆಯ ದಿನ ಅರ್ಧ ಗಂಟೆ ವಿಡಿಯೊ ಎಂಬ ಕಡೆಗೆ.

ಎಷ್ಟು ಹೊತ್ತು ಮಾತನಾಡಿಸಬಹುದು?

ಒಮ್ಮೆಗೆ ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಆಮೇಲೆ ಇಬ್ಬರೂ ದಣಿಯುತ್ತಾರೆ. ಒಂದೇ ದಿನ ಮುಗಿಸುವ ಹಟ ಬೇಡ. ಮೊದಲ ದಿನದ ಮಾತು ರಾತ್ರಿ ಅವರ ತಲೆಯಲ್ಲಿ ಸುತ್ತಿ, ಎರಡನೆಯ ಭೇಟಿಗೆ ಹೋಗುವಷ್ಟರಲ್ಲಿ ಹಳೆಯ ಟ್ರಂಕಿನಿಂದ ಒಂದು ಕಾಗದದ ಕಟ್ಟು ಹೊರಗೆ ಬಂದಿರುತ್ತದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿ 2009ರಿಂದ ಬ್ರಿಟನ್ನಿನ ವಿಜ್ಞಾನಿಗಳ ಜೀವನವೃತ್ತಾಂತಗಳನ್ನು ದಾಖಲಿಸಿದಾಗ ಒಬ್ಬೊಬ್ಬರೊಡನೆ ಹಲವು ಭೇಟಿಗಳಲ್ಲಿ ಹತ್ತಾರು ಗಂಟೆ ಕೂತದ್ದುಂಟು.

ಅಕ್ಷರರೂಪಕ್ಕೆ ಇಳಿಸಿದ ಮೇಲೆ ಧ್ವನಿಯನ್ನು ಇಟ್ಟುಕೊಳ್ಳಬೇಕೇ?

ಇಟ್ಟುಕೊಳ್ಳಲೇಬೇಕು. 1948ರಲ್ಲಿ ಆರಂಭವಾದ ಕೊಲಂಬಿಯಾ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ಕೇಂದ್ರದಲ್ಲಿ ಮೊದಲಿಗೆ ಬೆರಳಚ್ಚು ಪ್ರತಿಯನ್ನೇ ಮೂಲವೆಂದು ಭಾವಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಆಗ ಟೇಪು ದುಬಾರಿ, ಆ ನಿರ್ಧಾರ ಅರ್ಥವಾಗುವಂಥದೇ. ಆದರೆ ಹೋದದ್ದು ಹೋಯಿತು. “ಹೂಂ, ಅವರು ದೊಡ್ಡ ವಿಜ್ಞಾನಿ” ಎಂಬ ಮಾತು ಕಾಗದದ ಮೇಲೆ ಹೊಗಳಿಕೆ. ಧ್ವನಿಯಲ್ಲಿ ಅದು ಏನೆಂದು ಕೇಳಿದವರಿಗೇ ಗೊತ್ತು.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನುರಿತವರಿಗೂ ಆರರಿಂದ ಎಂಟು ಗಂಟೆ ಬೇಕು. ಕಂಪ್ಯೂಟರ್ ತಾನೇ ಬರೆಯುವ ಸೌಲಭ್ಯಗಳು ಕನ್ನಡಕ್ಕೂ ಬಂದಿವೆ, ಮೊದಲ ಕರಡಿಗೆ ನೆರವಾಗುತ್ತವೆ. ಆದರೆ ನಡುನಡುವೆ ಇಂಗ್ಲಿಷ್ ಬೆರೆತ ಧಾರವಾಡದ ಅಥವಾ ಕುಂದಾಪುರದ ಮಾತಿಗೂ ಪಾರಿಭಾಷಿಕ ಪದಗಳಿಗೂ ಅವು ತಡವರಿಸುತ್ತವೆ. ಬರೆಯುವಾಗ ಆಡುಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. ಕರಡನ್ನು ಮಾತನಾಡಿದವರಿಗೆ ತೋರಿಸುವುದು ಸೌಜನ್ಯವೂ ಹೌದು, ಹೆಸರುಗಳ ತಪ್ಪು ತಿದ್ದಲು ಉಪಾಯವೂ ಹೌದು. ಅವರು ಇಡೀ ಪುಟಗಳನ್ನೇ ಹೊಡೆದುಹಾಕಿದರೆ ಆ ಭಾಗವನ್ನು ಅಳಿಸುವ ಬದಲು ಕೆಲವು ವರ್ಷ ಮುಚ್ಚಿಡಬಹುದೇ ಎಂದು ಕೇಳಿ ನೋಡಿ. ಬಹಳ ಮಂದಿ ಒಪ್ಪುತ್ತಾರೆ.

ಹಕ್ಕು ಯಾರದು? ಒಪ್ಪಿಗೆ ಹೇಗೆ ಪಡೆಯಬೇಕು?

ಧ್ವನಿಮುದ್ರಿಕೆಯ ಹಕ್ಕು ಒಂದು, ಅದರೊಳಗಿನ ಮಾತಿನ ಹಕ್ಕು ಇನ್ನೊಂದು ಎಂದು ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಆದ್ದರಿಂದ ಒಂದು ಪುಟದ ಸಮ್ಮತಿ ಪತ್ರಕ್ಕೆ, ಅವರಿಗೆ ಓದಲು ಬರುವ ಭಾಷೆಯಲ್ಲಿ, ಸಹಿ ಪಡೆಯಿರಿ. ಯಾರು ಕೇಳಬಹುದು, ಎಲ್ಲಿ ಇಡಲಾಗುತ್ತದೆ, ಯಾವ ಭಾಗ ಎಷ್ಟು ವರ್ಷ ಮುಚ್ಚಿರಬೇಕು, ಅವರ ನಂತರ ಯಾರನ್ನು ಕೇಳಬೇಕು ಎಂಬುದು ಅದರಲ್ಲಿರಲಿ. ಸಹಿಯನ್ನು ಮಾತು ಮುಗಿದ ಮೇಲೆ ಹಾಕಿಸಿಕೊಳ್ಳುವುದು ನ್ಯಾಯ, ತಾವು ಏನು ಹೇಳಿದೆವೆಂದು ಆಗಲೇ ಅವರಿಗೆ ಗೊತ್ತಿರುತ್ತದೆ.

ಗುಟ್ಟಾಗಿಡುತ್ತೇವೆ ಎಂದು ಕಾನೂನಿಗೆ ಮೀರಿದ ಮಾತು ಕೊಡಬೇಡಿ. ಉತ್ತರ ಐರ್ಲೆಂಡಿನ ಸಶಸ್ತ್ರ ಗುಂಪುಗಳ ಮಾಜಿ ಸದಸ್ಯರ ಮಾತನ್ನು ಅವರು ಸಾಯುವ ತನಕ ಹೊರಗೆ ಬಿಡುವುದಿಲ್ಲವೆಂದು ಹೇಳಿ ಅಮೆರಿಕದ ಬೋಸ್ಟನ್ ಕಾಲೇಜಿನಲ್ಲಿ ಇಡಲಾಗಿತ್ತು. 2011ರಲ್ಲಿ ಪೊಲೀಸ್ ತನಿಖೆಗಾಗಿ ನ್ಯಾಯಾಲಯದ ಆದೇಶ ಬಂದು ಕೆಲವು ಧ್ವನಿಮುದ್ರಣಗಳನ್ನು ಒಪ್ಪಿಸಬೇಕಾಯಿತು. ನಮ್ಮಲ್ಲಿ ಪರಮಾಣು, ರಕ್ಷಣಾ ಮತ್ತು ಬಾಹ್ಯಾಕಾಶ ಕ್ಷೇತ್ರದವರನ್ನು ಮಾತನಾಡಿಸುವಾಗ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಪರಮಾಣು ಶಕ್ತಿಗೆ ಸಂಬಂಧಿಸಿದ ಕಾಯ್ದೆಯೂ ನೆನಪಿರಬೇಕು. ಅವರು “ಇದು ಬೇಡ” ಎಂದ ಕಡೆ ಒತ್ತಾಯಿಸಬೇಡಿ. ತೊಂದರೆಗೆ ಸಿಕ್ಕುವವರು ಅವರು.

ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿವೆ. ಏನು ಮಾಡಬೇಕು?

ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಗ ಅದರ ಮೇಲೆ ಅಕಸ್ಮಾತ್ತಾಗಿ ಹಾಡು ಮುದ್ರಣವಾಗುವುದಿಲ್ಲ. ಏನಿದೆಯೋ ನೋಡೋಣ ಎಂದು ಅಟ್ಟದ ಮೇಲಿನ ಹಳೆಯ ಟೇಪ್ ರೆಕಾರ್ಡರಿಗೆ ಹಾಕಬೇಡಿ. ಕರಾವಳಿ ಮಲೆನಾಡಿನ ಮಳೆಗಾಲ ಕಂಡ ಟೇಪಿನ ಮೇಲೆ ಬೂಷ್ಟು ಕಂಡರೆ ಅದನ್ನು ಯಾವ ಯಂತ್ರಕ್ಕೂ ಹಾಕದೆ ಬೇರೆ ಡಬ್ಬಿಯಲ್ಲಿಟ್ಟು ಪತ್ರಾಗಾರದವರನ್ನು ಕೇಳಿ. ಚೆನ್ನಾಗಿರುವ ಟೇಪನ್ನು ಸ್ವಚ್ಛ ಮಾಡಿದ ಡೆಕ್ಕಿನಲ್ಲಿ ಒಂದೇ ಬಾರಿ ನುಡಿಸಿ ಪೂರ್ತಿಯಾಗಿ ಡಿಜಿಟಲ್ ಮಾಡಿಕೊಳ್ಳಿ. ಮೇಲಿನ ಚೀಟಿಯ ಕೈಬರಹದ ಫೋಟೊ ತೆಗೆದಿಡಿ. ಡಿಜಿಟಲ್ ಆದ ಮೇಲೂ ಕ್ಯಾಸೆಟ್ಟನ್ನು ಎಸೆಯಬಾರದು.

ಯೂಟ್ಯೂಬಿಗೆ ಹಾಕಿದರೆ ಉಳಿಯುತ್ತದಲ್ಲವೇ?

ಜನರಿಗೆ ತಲುಪುತ್ತದೆ, ಉಳಿಯುತ್ತದೆ ಎನ್ನಲಾಗದು. ಅಲ್ಲಿರುವುದು ಕುಗ್ಗಿಸಿದ ಪ್ರತಿ, ಖಾತೆ ಮುಚ್ಚಿದರೆ ಅದೂ ಇಲ್ಲ. ಮೂಲ ಫೈಲಿನ ಮೂರು ಪ್ರತಿಗಳಿರಲಿ: ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ತೆರೆದು ಕೇಳಿ. ಕೊನೆಗೆ ಅದು ಒಂದು ಸಂಸ್ಥೆಯ ಕೈ ಸೇರಬೇಕು. ಒಪ್ಪಿಸುವಾಗ ಸಮ್ಮತಿ ಪತ್ರ, ಅಕ್ಷರರೂಪ ಮತ್ತು ನಿಮ್ಮ ಸಿದ್ಧತೆಯ ಟಿಪ್ಪಣಿ ಜೊತೆಗಿರಲಿ. ಸಮ್ಮತಿ ಪತ್ರವಿಲ್ಲದ ಧ್ವನಿಯನ್ನು ಪತ್ರಾಗಾರದವರು ಪಡೆಯಲು ಹಿಂಜರಿಯುತ್ತಾರೆ.

ನಾವು ಹೋಗುವ ಮೊದಲೇ ಅವರು ತೀರಿಕೊಂಡರೆ?

ಆಗಾಗ ಆಗುವುದು ಹೀಗೆಯೇ. ಆಗ ಮೊದಲು ಮಾಡಬೇಕಾದದ್ದು ಮನೆಯವರನ್ನು ಕಂಡು, ಕಾಗದಗಳನ್ನು ರದ್ದಿಗೆ ಹಾಕದಂತೆ ಕೇಳಿಕೊಳ್ಳುವುದು. ಹದಿಮೂರನೆಯ ದಿನ ಕಳೆದ ಮೇಲೆ ಮನೆ ಚೊಕ್ಕಟ ಮಾಡುವಾಗಲೇ ಪ್ರಯೋಗದ ನೋಟ್‌ಬುಕ್ಕುಗಳು ಗುಜರಿಗೆ ಹೋಗುತ್ತವೆ. ಅಚ್ಚಾದ ಪುಸ್ತಕಗಳನ್ನು ಜೋಪಾನ ಮಾಡಿ, ಬೇರೆಲ್ಲೂ ಸಿಗದ ಕೈಬರಹವನ್ನು ಎಸೆಯುತ್ತಾರೆ. ಅವುಗಳನ್ನು ಇದ್ದ ಕ್ರಮದಲ್ಲಿಯೇ ಪೆಟ್ಟಿಗೆಗೆ ತುಂಬಿಸಿ, ಕ್ರಮವೂ ಒಂದು ದಾಖಲೆ. ಆಮೇಲೆ ಪತ್ನಿ ಅಥವಾ ಪತಿ, ಮಕ್ಕಳು, ಪ್ರಯೋಗಾಲಯದ ಸಹಾಯಕರು, ಮೊದಲ ವಿದ್ಯಾರ್ಥಿಗಳು ಇವರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ, ಒಟ್ಟಿಗೆ ಕೂರಿಸಿದರೆ ಹಿರಿಯರ ಮಾತೇ ಎಲ್ಲರ ಮಾತಾಗುತ್ತದೆ. ಹಳೆಯ ಗುಂಪು ಫೋಟೊಗಳಲ್ಲಿ ಯಾರು ಯಾರು ನಿಂತಿದ್ದಾರೆಂದು ಬಲ್ಲವರು ಇನ್ನೂ ಇದ್ದರೆ, ಮೆತ್ತನೆಯ ಪೆನ್ಸಿಲಿನಿಂದ ಹಿಂಬದಿಯಲ್ಲಿ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಸಿಕೊಳ್ಳಿ. ಎರಡನೆಯ ಸಾಲಿನ ಕೊನೆಯಲ್ಲಿ ಕೈಕಟ್ಟಿ ನಿಂತವರ ಹೆಸರನ್ನೂ ಬಿಡದೆ ಕೇಳಿ.